ಸಿಹಿಗುಂಬಳಕಾಯಿ, ಕಿತ್ತಳೆ ಮತ್ತು ನಾವು ನಿಂತಿರುವ ಭೂಮಿ

ಪದ ಕೇಳಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಅಂಕಣ ಸ್ವಲ್ಪ ಗುಂಡಗಿದೆ. ಹಾಸನದ ಕಡೆಯಿಂದ ಒಂದು ಪತ್ರ ಬಂತು. ಅದಕ್ಕೆ ಉತ್ತರ ಹುಡುಕುವಾಗ ಹಳೆಯ ಕಟ್ಟಿನಲ್ಲಿ ಅದೇ ಜಾತಿಯ ಇನ್ನೂ ನಾಲ್ಕೈದು ಪ್ರಶ್ನೆ ಸಿಕ್ಕವು. ಎಲ್ಲವನ್ನೂ ಒಟ್ಟಿಗೇ ಇಟ್ಟಿದ್ದೇನೆ.

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಇಂಗ್ಲಿಷ್ ಪುಸ್ತಕದಲ್ಲಿ ಭೂಮಿಯ ಆಕಾರಕ್ಕೆ ‘ಓಬ್ಲೇಟ್’ ಅನ್ನುವ ಪದ ಹಾಕಿದ್ದಾರೆ. ಡಿಕ್ಷನರಿ ತೆಗೆದರೆ ‘ಮಠಕ್ಕೆ ತನ್ನನ್ನು ಒಪ್ಪಿಸಿಕೊಂಡವನು’ ಅಂತಲೂ ಇದೆ! ಇದಕ್ಕೆ ಕನ್ನಡದಲ್ಲಿ ಏನನ್ನಬೇಕು? ‘ಭೂಮಿ ಧ್ರುವಗಳಲ್ಲಿ ಚಪ್ಪಟೆ’ ಅಂದ ಕೂಡಲೇ ಒಬ್ಬ ಹುಡುಗ ‘ಮಿಸ್, ಬನ್ನಿನ ಥರಾನಾ?’ ಅಂದ. ಹೌದು ಅನ್ನಲೋ ಇಲ್ಲ ಅನ್ನಲೋ ತಿಳಿಯಲಿಲ್ಲ.

ಉತ್ತರ: ಮೊದಲು ಆ ಮಠದ ವಿಷಯ ಮುಗಿಸೋಣ. ಅದು ಬೇರೆ ಓಬ್ಲೇಟ್. ಲ್ಯಾಟಿನ್ನಿನಲ್ಲಿ ‘ಒಪ್ಪಿಸಿದ’ ಅನ್ನುವ ಪದದಿಂದ ಬಂದದ್ದು, ಕ್ರೈಸ್ತ ಮಠಗಳಿಗೆ ಸೇರಿದ್ದು. ನಿಮ್ಮ ಪಾಠದ ಓಬ್ಲೇಟ್ ರೇಖಾಗಣಿತದ್ದು. ಅದಕ್ಕೊಬ್ಬ ಜೋಡಿ ಇದ್ದಾನೆ, ಪ್ರೋಲೇಟ್. ಇಬ್ಬರನ್ನೂ ಒಟ್ಟಿಗೆ ನೋಡಿದರೆ ಯಾರು ಯಾರೆಂದು ಬೇಗ ತಿಳಿಯುತ್ತದೆ.

ತರಕಾರಿ ಅಂಗಡಿಗೆ ಹೋಗಿ. ಒಂದು ಕಡೆ ಬೂದುಗುಂಬಳ ಮಲಗಿರುತ್ತದೆ, ಇನ್ನೊಂದು ಕಡೆ ಸಿಹಿಗುಂಬಳ ಕೂತಿರುತ್ತದೆ. ಎರಡೂ ಗುಂಡಗಿವೆ ಅಂತಲೇ ನಾವು ಹೇಳುವುದು. ಆದರೆ ತೊಟ್ಟಿನಿಂದ ಬುಡಕ್ಕೆ ಅಳೆದರೆ ಬೂದುಗುಂಬಳ ಉದ್ದ, ಅಡ್ಡಕ್ಕೆ ಕಮ್ಮಿ. ಸಿಹಿಗುಂಬಳ ಅಡ್ಡಕ್ಕೆ ಜಾಸ್ತಿ, ತೊಟ್ಟಿನಿಂದ ಬುಡಕ್ಕೆ ಕಮ್ಮಿ. ಬೂದುಗುಂಬಳ ಪ್ರೋಲೇಟ್, ಸಿಹಿಗುಂಬಳ ಓಬ್ಲೇಟ್. ಇಷ್ಟೇ ವಿಷಯ. ಗಣಿತದವರು ಇದನ್ನೇ ‘ದೀರ್ಘವೃತ್ತವನ್ನು ಅದರ ಗಿಡ್ಡ ಅಕ್ಷದ ಸುತ್ತ ತಿರುಗಿಸಿದರೆ ಓಬ್ಲೇಟ್, ಉದ್ದ ಅಕ್ಷದ ಸುತ್ತ ತಿರುಗಿಸಿದರೆ ಪ್ರೋಲೇಟ್’ ಅನ್ನುತ್ತಾರೆ. ಕುಂಬಳಕಾಯಿ ನೋಡಿದ ಮೇಲೆ ಆ ಮಾತೂ ಸಲೀಸಾಗಿ ಇಳಿಯುತ್ತದೆ.

ಕನ್ನಡದಲ್ಲಿ ‘ಗೋಲಾಭ’ ಅನ್ನುವ ಪದ ಮಾಡಿಟ್ಟಿದ್ದಾರೆ, ಅದಕ್ಕೆ ‘ಚಪ್ಪಟೆ’ ಸೇರಿಸಿ ‘ಚಪ್ಪಟೆ ಗೋಲಾಭ’. ಪರೀಕ್ಷೆಯಲ್ಲಿ ಬರೆಯಲು ಅದು ಸಾಕು. ಪಾಠ ಮಾಡುವಾಗ ನಾನಾಗಿದ್ದರೆ ‘ನಡು ಉಬ್ಬಿದ ಗುಂಡು’ ಅನ್ನುತ್ತಿದ್ದೆ. ‘ಚಪ್ಪಟೆ’ ಅನ್ನುವ ಪದವೇ ಮಕ್ಕಳ ದಾರಿ ತಪ್ಪಿಸುವುದು. ಚಪ್ಪಟೆ ಅಂದರೆ ನಮಗೆ ಏನು ಕಣ್ಣಿಗೆ ಬರುತ್ತದೆ? ಲಾರಿ ಹತ್ತಿದ ಡಬ್ಬ. ಲಟ್ಟಿಸಿದ ಹಿಟ್ಟು. ಭೂಮಿ ಅಷ್ಟೆಲ್ಲ ಅಪ್ಪಚ್ಚಿಯಾಗಿಲ್ಲ.

ಎಷ್ಟು ಆಗಿದೆ ಅಂತ ನೋಡೋಣ ಎಂದು ಮೊನ್ನೆ ಮನೆಗೆ ಬಂದ ಸಿಹಿಗುಂಬಳವನ್ನು ಹೆಚ್ಚುವ ಮೊದಲು ಅಳೆದೆ. ಕಾಯನ್ನು ಗೋಡೆಗೆ ತಾಗಿಸಿ ಇಟ್ಟು, ಈ ಕಡೆಯಿಂದ ದಪ್ಪ ಡಿಕ್ಷನರಿ ಒತ್ತಿ ನಿಲ್ಲಿಸಿ, ಗೋಡೆಯಿಂದ ಡಿಕ್ಷನರಿಗೆ ಟೇಪು ಹಿಡಿದೆ. 24 ಸೆಂಟಿಮೀಟರ್. ಎತ್ತರಕ್ಕೆ ಮೇಲೆ ಚಪಾತಿ ಮಣೆ ಇಟ್ಟು ನೆಲದಿಂದ ಅಳೆದೆ. 15 ಸೆಂಟಿಮೀಟರ್. ಅಂದರೆ 24ಕ್ಕೆ 9 ಕಮ್ಮಿ, ಎಂಟರಲ್ಲಿ ಮೂರು ಪಾಲು. ಈ ಲೆಕ್ಕಕ್ಕೆ ‘ಚಪ್ಪಟೆತನ’ ಅಂತ ಹೆಸರು. ಅಡ್ಡಳತೆಯಲ್ಲಿ ಎಷ್ಟು ಪಾಲು ಎತ್ತರದಲ್ಲಿ ತಪ್ಪಿಹೋಗಿದೆ ಅನ್ನುವುದು. ಒಂದು ಕಿತ್ತಳೆ ಇತ್ತು, ಅದನ್ನೂ ಅಳೆದೆ. ಅಡ್ಡ 72 ಮಿಲಿಮೀಟರ್, ಎತ್ತರ 60. ಆರರಲ್ಲಿ ಒಂದು ಪಾಲು.

ಈಗ ಆಕಾಶಕ್ಕೆ ಹೋಗೋಣ. ನಮ್ಮ ಗ್ರಹಗಳಲ್ಲಿ ಜಾಸ್ತಿ ಓಬ್ಲೇಟ್ ಆಗಿರುವುದು ಶನಿ, ಸುಮಾರು ಹತ್ತರಲ್ಲಿ ಒಂದು ಪಾಲು. ಗುರುವಿಗೆ ಹದಿನೈದರಲ್ಲಿ ಒಂದು. ಇವೆರಡರ ಒಳ್ಳೆಯ ಫೋಟೊ ಸಿಕ್ಕರೆ ಸ್ಕೇಲ್ ಇಟ್ಟು ಅಳೆಯಿರಿ, ವ್ಯತ್ಯಾಸ ಗೊತ್ತಾಗುತ್ತದೆ. ಭೂಮಿಗೆ? 298ರಲ್ಲಿ ಒಂದು ಪಾಲು. ನಡುಮಧ್ಯದಿಂದ ಸಮಭಾಜಕಕ್ಕೆ 6,378 ಕಿಲೋಮೀಟರ್, ಧ್ರುವಕ್ಕೆ 6,357. ಬರೀ 21 ಕಿಲೋಮೀಟರ್ ಹೆಚ್ಚುಕಮ್ಮಿ. ನಿಮ್ಮ ಶಾಲೆಯ ಬೀರುವಿನ ಮೇಲಿರುವ ಗ್ಲೋಬು 30 ಸೆಂಟಿಮೀಟರಿನದ್ದಾದರೆ ಅದರಲ್ಲಿ ಈ ವ್ಯತ್ಯಾಸ ಒಂದು ಮಿಲಿಮೀಟರ್. ಭೂಮಿಯನ್ನು ಕ್ರಿಕೆಟ್ ಚೆಂಡಿನಷ್ಟು ಮಾಡಿದರೆ ಕಾಲು ಮಿಲಿಮೀಟರ್ ಕೂಡ ಬರುವುದಿಲ್ಲ. ಚೆಂಡಿನ ಹೊಲಿಗೆಯೇ ಅದಕ್ಕಿಂತ ಉಬ್ಬಿರುತ್ತದೆ.

ಹಾಗಾಗಿ ಆ ಹುಡುಗನಿಗೆ ಹೇಳಿ, ಬನ್ನಿನ ಜಾತಿ ಹೌದು, ಬನ್ನಿನಷ್ಟು ಇಲ್ಲ. ಪುಸ್ತಕದ ವಾಕ್ಯ ಸರಿಯಾಗೇ ಇದೆ, ಪಕ್ಕದ ಚಿತ್ರ ಸುಳ್ಳು. ವ್ಯತ್ಯಾಸ ಕಾಣಿಸಲಿ ಅಂತ ಭೂಮಿಯನ್ನು ಮೇಲಿಂದ ಒತ್ತಿ ಒತ್ತಿ ಬರೆದಿರುತ್ತಾರೆ, ಮಕ್ಕಳು ವಾಕ್ಯ ಮರೆಯುತ್ತಾರೆ, ಚಿತ್ರ ಮರೆಯುವುದಿಲ್ಲ. ನನಗೂ ಹಾಗೇ ಆಗಿತ್ತು. ಕಾಲೇಜಿಗೆ ಬರುವವರೆಗೂ ಭೂಮಿ ಒಂದು ದೊಡ್ಡ ಬೋಂಡಾದ ಹಾಗೆ ಇದೆ ಅಂದುಕೊಂಡಿದ್ದೆ.

ಪ್ರಶ್ನೆ: ಭೂಮಿಯನ್ನು ಮೇಲಿಂದ ಕೆಳಗಿಂದ ಒತ್ತಿದವರು ಯಾರು? (ಕೊಪ್ಪಳದ ಒಂಬತ್ತನೇ ತರಗತಿ ವಿದ್ಯಾರ್ಥಿ)

ಉತ್ತರ: ಯಾರೂ ಒತ್ತಲಿಲ್ಲ ಮಾರಾಯ. ಅದೇ ತಿರುಗಿ ತಿರುಗಿ ನಡು ಉಬ್ಬಿಸಿಕೊಂಡಿದೆ.

ಮುದ್ದೆ ನೋಡಿರುತ್ತೀಯ. ಬಿಸಿ ಮುದ್ದೆ ಕಟ್ಟಿ ತಟ್ಟೆಗೆ ಹಾಕಿದರೆ ಸ್ವಲ್ಪ ಹೊತ್ತಿಗೆ ಕುಗ್ಗಿ ಅಗಲವಾಗುತ್ತದೆ. ಅದೂ ಓಬ್ಲೇಟೇ. ಆದರೆ ಅಲ್ಲಿ ಕಾರಣ ಬೇರೆ, ಕೆಳಗೆ ತಟ್ಟೆ ಇದೆ, ಅದರ ಭಾರಕ್ಕೆ ಅದೇ ಕೂತುಬಿಡುತ್ತದೆ. ಭೂಮಿಗೆ ತಟ್ಟೆ ಇಲ್ಲ. ಅದರ ಸೆಳೆತ ಎಲ್ಲ ಕಡೆಯಿಂದಲೂ ನಡುವಿಗೇ ಎಳೆಯುತ್ತದೆ. ಸುಮ್ನೆ ನಿಂತಿದ್ದರೆ ಪಕ್ಕಾ ಗುಂಡಗೇ ಇರುತ್ತಿತ್ತು.

ಈಗ ಒಂದು ಕೆಲಸ ಮಾಡು. ಡ್ರಾಯಿಂಗ್ ಹಾಳೆಯಿಂದ ಒಂದು ಬೆರಳು ಅಗಲ, ಒಂದೂವರೆ ಗೇಣು ಉದ್ದದ ಎರಡು ಪಟ್ಟಿ ಕತ್ತರಿಸು. ಒಂದರ ಮೇಲೊಂದು ಕೂಡಿಸು ಚಿಹ್ನೆಯ ಹಾಗೆ ಇಟ್ಟು ನಡುವೆ ಅಂಟಿಸು. ನಾಲ್ಕೂ ತುದಿಯನ್ನು ಮೇಲಕ್ಕೆ ತಂದು ಒಟ್ಟಿಗೆ ಅಂಟಿಸಿದರೆ ಕಾಗದದ ಪಂಜರದಂಥ ಚೆಂಡಾಗುತ್ತದೆ. ಮೇಲೂ ಕೆಳಗೂ ತೂತು ಮಾಡಿ ಪೆನ್ಸಿಲ್ ತೂರಿಸು. ಕೆಳಗಿನ ತೂತಿನ ಹತ್ತಿರ ಪೆನ್ಸಿಲಿಗೆ ಗಮ್ ಹಾಕು, ಮೇಲಿನ ತೂತು ಮಾತ್ರ ಸಡಿಲ ಇರಲಿ, ಪೆನ್ಸಿಲ್ ಮೇಲೆ ಜಾರಬೇಕು. ಈಗ ಎರಡು ಅಂಗೈ ನಡುವೆ ಪೆನ್ಸಿಲ್ ಹಿಡಿದು ಮಜ್ಜಿಗೆ ಕಡೆಯುವ ಹಾಗೆ ಜೋರಾಗಿ ತಿರುಗಿಸು. ಮೇಲಿನ ತುದಿ ಕೆಳಗೆ ಜಾರುತ್ತದೆ, ನಡು ಹೊರಗೆ ಬರುತ್ತದೆ. ಕೈ ನಿಲ್ಲಿಸಿದರೆ ಮತ್ತೆ ಗುಂಡಗೆ. ಒತ್ತಿದವರು ಯಾರೂ ಇರಲಿಲ್ಲ, ನೋಡಿದೆಯಲ್ಲ.

ಭೂಮಿಯದ್ದೂ ಇದೇ ಕತೆ. ಸಮಭಾಜಕದ ಮೇಲೆ ನಿಂತವನು ಗಂಟೆಗೆ ಸುಮಾರು 1,670 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿರುತ್ತಾನೆ. ಧ್ರುವದಲ್ಲಿ ನಿಂತವನು ನಿಂತಲ್ಲೇ ದಿನಕ್ಕೊಂದು ಸಲ ತಿರುಗುತ್ತಾನೆ, ಅಷ್ಟೇ. ನಡುವಿನ ಭಾಗಕ್ಕೆ ಹೊರಗೆ ಹೋಗುವ ಒಲವು ಜಾಸ್ತಿ, ಹಾಗಾಗಿ ಅಲ್ಲಿ ಉಬ್ಬು. ಭೂಮಿ ಕಲ್ಲಿನಂತೆ ಗಟ್ಟಿ ಅಲ್ವಾ, ಹೇಗೆ ಉಬ್ಬುತ್ತದೆ ಅಂತ ಕೇಳಬೇಡ. ಇಷ್ಟು ದೊಡ್ಡ ವಸ್ತು ಕೋಟಿಗಟ್ಟಲೆ ವರ್ಷ ತಿರುಗಿದರೆ ಕಲ್ಲೂ ಹಿಟ್ಟಿನ ಹಾಗೆ ನಿಧಾನಕ್ಕೆ ಜರುಗುತ್ತದೆ. ಶನಿ ಮತ್ತು ಗುರುವಿನ ದಿನ ಹತ್ತು ಗಂಟೆಯ ಆಸುಪಾಸು. ಮೈಯೆಲ್ಲ ಹೆಚ್ಚಾಗಿ ಅನಿಲ, ಮೇಲೆ ಅಷ್ಟು ಜೋರು ಸುತ್ತು. ಅದಕ್ಕೇ ಅವು ಅಷ್ಟು ದಪ್ಪ ನಡುವಿನವು. ಸೂರ್ಯ ಒಂದು ಸುತ್ತಿಗೆ ಸುಮಾರು 25 ದಿನ ತೆಗೆದುಕೊಳ್ಳುವ ಸೋಮಾರಿ, ಹಾಗಾಗಿ ಹೆಚ್ಚುಕಮ್ಮಿ ಪೂರ್ತಿ ಗುಂಡು.

ಪ್ರಶ್ನೆ: ಬರೀ 21 ಕಿಲೋಮೀಟರ್ ವ್ಯತ್ಯಾಸವನ್ನು ಉಪಗ್ರಹ ಇಲ್ಲದ ಕಾಲದಲ್ಲಿ ಹೇಗೆ ಕಂಡುಹಿಡಿದರು? ನಾನು ಸರ್ವೆ ಇಲಾಖೆಯಲ್ಲಿ ಚೈನು ಎಳೆದು ನಿವೃತ್ತನಾದವನು, ಅದಕ್ಕೇ ಕುತೂಹಲ. (ಧಾರವಾಡ)

ಉತ್ತರ: ಸರ್, ನಿಮ್ಮ ಚೈನೇ, ಅಂದರೆ ನೆಲ ಅಳೆಯುವ ಸರಪಳಿಯೇ, ಇದರ ಹೀರೋ. ಅಲ್ಲಿಗೆ ಬರುತ್ತೇನೆ, ಮೊದಲು ಒಂದು ಗಡಿಯಾರ.

1672ರಲ್ಲಿ ಜಾನ್ ರಿಷೇ ಎಂಬ ಫ್ರೆಂಚ್ ಖಗೋಳಜ್ಞ ದಕ್ಷಿಣ ಅಮೆರಿಕದ ಕಯೆನ್ನಿಗೆ ಹೋದ. ಸಮಭಾಜಕಕ್ಕೆ ಹತ್ತಿರದ ಜಾಗ. ಪ್ಯಾರಿಸ್‌ನಲ್ಲಿ ಸರಿಯಾಗಿ ಓಡುತ್ತಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಲೋಲಕವನ್ನು ಒಂದಿಷ್ಟು ಗಿಡ್ಡ ಮಾಡಿದ ಮೇಲೆ ಸರಿಯಾಯಿತು. ಅಂದರೆ ಅಲ್ಲಿ ಭೂಮಿಯ ಎಳೆತ ಸ್ವಲ್ಪ ಕಮ್ಮಿ. ನ್ಯೂಟನ್ ಈ ಸುದ್ದಿಯನ್ನು ಹಿಡಿದುಕೊಂಡ. 1687ರ ತನ್ನ ‘ಪ್ರಿನ್ಸಿಪಿಯಾ’ದಲ್ಲಿ, ತಿರುಗುವ ಭೂಮಿ ನಡುವಲ್ಲಿ ಉಬ್ಬಿರಲೇಬೇಕು, ಸುಮಾರು 230ರಲ್ಲಿ ಒಂದು ಪಾಲು ಅಂತ ಲೆಕ್ಕ ಹಾಕಿದ. ಭೂಮಿಯ ಒಳಗೆಲ್ಲ ಒಂದೇ ಸಾಂದ್ರತೆ ಅಂದುಕೊಂಡಿದ್ದರಿಂದ ಅಂಕೆ ಸ್ವಲ್ಪ ಹೆಚ್ಚಾಯಿತು, ಆಕಾರ ಮಾತ್ರ ಸರಿ.

ಪ್ಯಾರಿಸ್‌ನಲ್ಲಿ ಒಪ್ಪಲಿಲ್ಲ. ಅಲ್ಲಿ ಖಗೋಳಜ್ಞರಾದ ಕಸಿನಿ ಮನೆತನದವರು ಫ್ರಾನ್ಸನ್ನು ದಕ್ಷಿಣೋತ್ತರ ಅಳೆದು, ಭೂಮಿ ಉದ್ದಕ್ಕಿದೆ ಅಂದರು. ನಮ್ಮ ಭಾಷೆಯಲ್ಲಿ, ನ್ಯೂಟನ್ ಸಿಹಿಗುಂಬಳ ಅಂದರೆ ಕಸಿನಿ ಬೂದುಗುಂಬಳ ಅಂದರು. ಒಂದು ಕಡೆ ಇಂಗ್ಲೆಂಡು, ಒಂದು ಕಡೆ ಫ್ರಾನ್ಸು, ಜಗಳ ಹತ್ತಾರು ವರ್ಷ ನಡೆಯಿತು.

ಅಳೆಯುವುದು ಹೇಗೆ ಅನ್ನುವುದು ಮುಖ್ಯ. ಒಂದು ಇರುವೆ ಸಿಹಿಗುಂಬಳದ ಮೇಲೆ ತೊಟ್ಟಿನ ಹತ್ತಿರ ನಡೆಯುತ್ತಿದೆ ಅಂದುಕೊಳ್ಳಿ. ಅಲ್ಲಿ ಮೇಲ್ಮೈ ಹೆಚ್ಚುಕಮ್ಮಿ ಮಟ್ಟಸ. ನಾಲ್ಕು ಬೆರಳು ನಡೆದರೂ ಇರುವೆಯ ಮೈ ಅಷ್ಟೇನೂ ಓರೆಯಾಗುವುದಿಲ್ಲ. ಅದೇ ಇರುವೆ ಅಂಚಿಗೆ ಬಂದಿತೋ, ಒಂದು ಬೆರಳು ಇಳಿಯುವಷ್ಟರಲ್ಲಿ ತಲೆಕೆಳಗಾಗಲು ಶುರು. ಅಂದರೆ ಮೈ ಒಂದಂಶ ಓರೆಯಾಗಲು ಮಟ್ಟಸ ಜಾಗದಲ್ಲಿ ಜಾಸ್ತಿ ನಡೆಯಬೇಕು, ಬಾಗಿದ ಜಾಗದಲ್ಲಿ ಕಮ್ಮಿ ಸಾಕು. ಭೂಮಿಯ ಮೇಲೆ ಓರೆಯನ್ನು ನಕ್ಷತ್ರ ನೋಡಿ ಅಳೆಯುತ್ತಾರೆ. ಉತ್ತರಕ್ಕೆ ಹೋಗುತ್ತಾ ಹೋದರೆ ಧ್ರುವ ನಕ್ಷತ್ರ ಮೇಲೇರುತ್ತದೆ ಅಲ್ವಾ, ಅದು ಒಂದು ಡಿಗ್ರಿ ಏರಲು ನೆಲದ ಮೇಲೆ ಎಷ್ಟು ದೂರ ಹೋಗಬೇಕಾಯಿತು ಅನ್ನುವುದೇ ಪ್ರಶ್ನೆ. ಧ್ರುವದ ಕಡೆ ಆ ದೂರ ಜಾಸ್ತಿ ಬಂದರೆ ನ್ಯೂಟನ್ ಗೆದ್ದ, ಕಮ್ಮಿ ಬಂದರೆ ಕಸಿನಿ ಗೆದ್ದರು.

ಅದಕ್ಕೇ ಫ್ರೆಂಚರು ಎರಡು ತಂಡ ಕಳಿಸಿದರು. 1735ರಲ್ಲಿ ಬುಗೇರ್, ಲಾ ಕೊಂಡಮಿನ್, ಗೊಡಾನ್ ಮುಂತಾದವರು ಆಗಿನ ಪೆರುವಿಗೆ, ಅಂದರೆ ಈಗಿನ ಈಕ್ವೆಡಾರ್‌ಗೆ ಹೊರಟರು. 1736ರಲ್ಲಿ ಮೋಪರ್ಟ್ಯೂಯಿ ತಂಡ ಯುರೋಪಿನ ಉತ್ತರ ತುದಿಯ ಲ್ಯಾಪ್‌ಲ್ಯಾಂಡಿಗೆ ಹೋಯಿತು. ಆ ತಂಡದಲ್ಲಿ ಗಣಿತಜ್ಞ ಕ್ಲೆರೋ ಇದ್ದ, ನಮ್ಮ ಹವಾಮಾನ ವರದಿಯ ಡಿಗ್ರಿಗೆ ಹೆಸರು ಕೊಟ್ಟ ಸೆಲ್ಸಿಯಸ್ಸೂ ಇದ್ದ. ಲ್ಯಾಪ್‌ಲ್ಯಾಂಡಿನವರು ಹೆಪ್ಪುಗಟ್ಟಿದ ನದಿಯ ಮೇಲೆ ಆಧಾರರೇಖೆ (ಉಳಿದ ಅಳತೆಗೆಲ್ಲ ಬುನಾದಿಯಾಗಿ ಮೊದಲು ಅಳೆಯುವ ನೇರ ಗೆರೆ) ಎಳೆದು, ಚಳಿ ತಿಂದು, 1737ಕ್ಕೇ ವಾಪಸ್. ಅಲ್ಲಿನ ಒಂದು ಡಿಗ್ರಿ ಪ್ಯಾರಿಸ್‌ನ ಡಿಗ್ರಿಗಿಂತ ಉದ್ದ ಬಂತು. ಸಿಹಿಗುಂಬಳಕ್ಕೆ ಗೆಲುವು. ಪೆರುವಿಗೆ ಹೋದವರ ಪಾಡು ಕೇಳಬೇಡಿ. ಒಳಜಗಳ, ದುಡ್ಡಿಲ್ಲ, ಆಂಡಿಸ್ ಬೆಟ್ಟದ ಗಾಳಿ, ತಂಡದ ವೈದ್ಯನನ್ನು ಕ್ವೆಂಕಾ ಊರಿನ ಜನ ಹೊಡೆದೇ ಕೊಂದರು. ಬುಗೇರ್ ಊರು ಸೇರಿದ್ದು 1744ರಲ್ಲಿ, ಲಾ ಕೊಂಡಮಿನ್ 1745ರಲ್ಲಿ. ಅವರ ಉತ್ತರವೂ ಅದೇ. ಹತ್ತು ವರ್ಷ ಕಷ್ಟಪಟ್ಟು ತಂದ ಉತ್ತರ ಅಷ್ಟು ಹೊತ್ತಿಗೆ ಪ್ಯಾರಿಸ್‌ನಲ್ಲಿ ಹಳೇ ಸುದ್ದಿ. ನನಗೆ ಈ ಕತೆಯಲ್ಲಿ ಯಾವಾಗಲೂ ಪಾಪ ಅನ್ನಿಸುವುದು ಇವರನ್ನು ಕಂಡರೇ.

ಈಗ ನಿಮ್ಮ ಚೈನು. 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧದಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಇದ್ದ. ಯುದ್ಧ ಮುಗಿದ ಮೇಲೆ ಮೈಸೂರು ಸೀಮೆಯನ್ನು ತ್ರಿಕೋನ ಹಾಕಿ ಅಳೆಯುತ್ತೇನೆ ಅಂತ ಮೇಲಿನವರನ್ನು ಒಪ್ಪಿಸಿದ. ನಕ್ಷೆ ಬೇಕಿದ್ದದ್ದು ಕಂಪನಿಗೆ. ಇವನಿಗೆ ಬೇಕಿದ್ದದ್ದು ಭೂಮಿಯ ಆಕಾರ. ಒಂದು ಡಿಗ್ರಿ ನಮ್ಮ ಕಡೆ ಎಷ್ಟುದ್ದ ಅನ್ನುವ ಹುಚ್ಚು. 1800ರಲ್ಲಿ ಬೆಂಗಳೂರಿನ ಹತ್ತಿರ ಮೊದಲ ಆಧಾರರೇಖೆ ಅಳೆದ. ಬಳಸಿದ ಉಕ್ಕಿನ ಚೈನು ನೂರಡಿಯದ್ದು. ಅದು ಮೊದಲು ಚೀನಾದ ಚಕ್ರವರ್ತಿಗೆ ಉಡುಗೊರೆ ಅಂತ ಹೊರಟ ಸಾಮಾನು. ಅಲ್ಲಿ ಬೇಡ ಅಂದದ್ದು ಸುತ್ತಿ ಬಳಸಿ ಇವನ ಕೈಗೆ ಬಂತು. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಇನ್ನೊಂದು ರೇಖೆ. ಅಲ್ಲಿಂದ ಶುರುವಾದ ಅಳತೆ ಕನ್ಯಾಕುಮಾರಿ ಕಡೆಯಿಂದ ಹಿಮಾಲಯದ ತಪ್ಪಲಿನವರೆಗೆ ಸುಮಾರು 2,400 ಕಿಲೋಮೀಟರ್ ಉದ್ದಕ್ಕೂ ಹೋಯಿತು. ದಾರಿಯಲ್ಲಿ ಬೀದರ್ ಹತ್ತಿರವೂ ಒಂದು ಆಧಾರರೇಖೆ ಎಳೆದರು. ಲ್ಯಾಂಬ್ಟನ್ 1823ರಲ್ಲಿ ಕೆಲಸದ ನಡುವೆಯೇ ತೀರಿಕೊಂಡ. ಮುಂದುವರಿಸಿದವನು ಜಾರ್ಜ್ ಎವರೆಸ್ಟ್.

ಬಿಸಿಲಿಗೆ ಚೈನು ಉದ್ದವಾಗುತ್ತದೆ ಅನ್ನುವುದು ನಿಮಗೆ ಹೇಳಬೇಕಾಗಿಲ್ಲ. ಅವರು ಚೈನನ್ನು ಮರದ ಪೆಟ್ಟಿಗೆಯೊಳಗೆ ಮಲಗಿಸಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು, ಪ್ರತಿ ಸಲವೂ ಬಿಸಿಯ ಲೆಕ್ಕ ಕಳೆಯುತ್ತಿದ್ದರು. ಅಷ್ಟು ಮಾಡಿ 1830ರಲ್ಲಿ ಎವರೆಸ್ಟ್ ಕೊಟ್ಟ ಚಪ್ಪಟೆತನ ಸುಮಾರು 301ರಲ್ಲಿ ಒಂದು ಪಾಲು. ಈಗ ಉಪಗ್ರಹ ಹೇಳುವುದು 298. ಚೈನು ಎಳೆದವರ ಕೈ ಎಷ್ಟು ಚೊಕ್ಕ ಇತ್ತು ನೋಡಿ.

ನೀವು ಸರ್ವಿಸಿನಲ್ಲಿ ನೋಡಿರಬಹುದಾದ ಭಾರತೀಯ ಸರ್ವೇಕ್ಷಣಾಲಯದ ಹಳೆಯ ನಕ್ಷೆಗಳೆಲ್ಲ ಇದೇ ‘ಎವರೆಸ್ಟ್ ಗೋಲಾಭ’ದ ಮೇಲೆ ಕೂತವು. 2005ರ ರಾಷ್ಟ್ರೀಯ ನಕ್ಷೆ ನೀತಿ ಬಂದ ಮೇಲೆ ಜನರಿಗೆ ಕೊಡುವ ನಕ್ಷೆಗಳನ್ನು ಜಿಪಿಎಸ್ ಬಳಸುವ ಬೇರೆ ಗೋಲಾಭಕ್ಕೆ ಬದಲಾಯಿಸಿದರು. ಅದಕ್ಕೇ ಹಳೆ ನಕ್ಷೆಯ ಅಕ್ಷಾಂಶ ರೇಖಾಂಶವನ್ನು ಹಾಗೇ ಫೋನಿಗೆ ಹಾಕಿದರೆ ಜಾಗ ಸ್ವಲ್ಪ ಆಚೀಚೆ ತೋರಿಸುತ್ತದೆ. ಯಾರದೂ ತಪ್ಪಿಲ್ಲ, ಎರಡಕ್ಕೂ ಕುಂಬಳಕಾಯಿ ಬೇರೆ ಬೇರೆ.

ಪ್ರಶ್ನೆ: ಸಮಭಾಜಕಕ್ಕೆ ಹೋದರೆ ತೂಕ ಕಮ್ಮಿಯಾಗುತ್ತದಂತೆ, ನಿಜವಾ? ಡಯಟ್ ಮಾಡಿ ಸಾಕಾಗಿದೆ. (ಬೆಂಗಳೂರು)

ಉತ್ತರ: ನಿಜ. ಆದರೆ ಅದಕ್ಕಾಗಿ ಟಿಕೆಟ್ ತೆಗೆಸಬೇಡಿ. ಧ್ರುವದಲ್ಲಿ 60 ಕಿಲೋ ತೋರಿಸಿದ ಸ್ಪ್ರಿಂಗ್ ತಕ್ಕಡಿ ಸಮಭಾಜಕದಲ್ಲಿ ಸುಮಾರು 300 ಗ್ರಾಂ ಕಮ್ಮಿ ತೋರಿಸುತ್ತದೆ. ಇದರಲ್ಲಿ ಮೂರನೇ ಎರಡು ಪಾಲು ತಿರುಗುವ ವೇಗದಿಂದ, ಉಳಿದದ್ದು ನಡು ಉಬ್ಬಿರುವುದರಿಂದ. ಬೆಂಗಳೂರು ಆಗಲೇ ಸಮಭಾಜಕದ ಕಡೆಗೇ ಇದೆ, ನಿಮಗೆ ಸಿಗುವ ರಿಯಾಯಿತಿ ಹೆಚ್ಚುಕಮ್ಮಿ ಪೂರ್ತಿ ಸಿಕ್ಕಿಬಿಟ್ಟಿದೆ. ಇನ್ನೊಂದು ಮಾತು, ಹಳೇ ಕಾಲದ ಎರಡು ತಟ್ಟೆಯ ತಕ್ಕಡಿಯಲ್ಲಿ ಕೂತರೆ ಎಲ್ಲಿ ಹೋದರೂ ವ್ಯತ್ಯಾಸವೇ ಇಲ್ಲ, ಯಾಕೆಂದರೆ ಕಲ್ಲಿನ ತೂಕವೂ ಅಷ್ಟೇ ಇಳಿದಿರುತ್ತದೆ.

ಪ್ರಶ್ನೆ: ಪ್ರಪಂಚದ ಅತಿ ಎತ್ತರದ ಬೆಟ್ಟ ಎವರೆಸ್ಟ್ ಅಲ್ಲ ಅಂತ ವಾಟ್ಸ್ಆ್ಯಪಿನಲ್ಲಿ ಬಂದಿತ್ತು.

ಉತ್ತರ: ಸಮುದ್ರಮಟ್ಟದಿಂದ ಅಳೆದರೆ ಎವರೆಸ್ಟೇ. ಭೂಮಿಯ ನಡುಮಧ್ಯದಿಂದ ಅಳೆದರೆ ಈಕ್ವೆಡಾರ್‌ನ ಚಿಂಬೊರಾಸೊ ಸುಮಾರು 2 ಕಿಲೋಮೀಟರ್ ಜಾಸ್ತಿ ದೂರದಲ್ಲಿದೆ, ಬೆಟ್ಟ ಬರೀ 6,263 ಮೀಟರಿನದ್ದಾದರೂ. ಗಿಡ್ಡ ಮನುಷ್ಯ ಜಗಲಿ ಮೇಲೆ ನಿಂತ ಹಾಗೆ. ಆ ಜಗಲಿ ಯಾವುದು ಅಂತ ಈಗ ನಿಮಗೆ ಗೊತ್ತು. ಹಾಂ, ಆ ಫ್ರೆಂಚ್ ತಂಡ ಒದ್ದಾಡಿದ್ದೂ ಇದೇ ಬೆಟ್ಟಗಳ ಸಾಲಿನಲ್ಲೇ.

ಪ್ರಶ್ನೆ: ಇಂಗ್ಲಿಷಿನಲ್ಲಿ ರೌಂಡ್, ಸ್ಫೆರಿಕಲ್, ಗ್ಲಾಬ್ಯುಲರ್, ಓಬ್ಲೇಟ್ ಅಂತ ಎಷ್ಟೆಲ್ಲ ಇವೆ. ಕನ್ನಡದಲ್ಲಿ ಬರೀ ‘ಗುಂಡಗೆ’ ಒಂದೇನಾ? ನಮ್ಮ ಮನೆಯಲ್ಲಿ ‘ಉರುಟು’ ಅನ್ನುತ್ತೇವೆ, ಮುಂಬೈಯಲ್ಲಿ ಬೆಳೆದ ಮಕ್ಕಳು ನಗುತ್ತಾರೆ. (ಮೂಲ ಉಡುಪಿ, ಈಗ ಮುಂಬೈ)

ಉತ್ತರ: ನಗುವವರಿಗೆ ನಗಲಿ ಬಿಡಿ, ಉರುಟು ಒಳ್ಳೆಯ ಪದ. ಉರುಟು ಮುಖ ಅಂದಾಗ ಕಾಣುವ ಮುಖ ‘ಗೋಳಾಕಾರದ ಮುಖ’ ಅಂದರೆ ಕಾಣುವುದಿಲ್ಲ.

ಗುಂಡು ಮತ್ತು ದುಂಡು ಎರಡೂ ಒಂದೇ ಅಂತ ಎಲ್ಲರೂ ಹೇಳುತ್ತಾರೆ. ಬಳಕೆ ನೋಡಿದರೆ ಹಾಗಿಲ್ಲ. ಗುಂಡುಸೂಜಿ, ಗುಂಡುಕಲ್ಲು, ಬಂದೂಕಿನ ಗುಂಡು, ಇವೆಲ್ಲ ಕೈಗೆ ಸಿಕ್ಕುವ, ಉರುಳುವ, ಒಳಗೆ ತುಂಬಿದ ವಸ್ತುಗಳು. ಸಂಜೆ ಹಾಕುವ ಗುಂಡಿನ ವಿಷಯ ಈ ಅಂಕಣದ ವ್ಯಾಪ್ತಿಗೆ ಬರುವುದಿಲ್ಲ. ದುಂಡುಮೇಜು ಮಾತ್ರ ಮೇಲಿನಿಂದ ನೋಡಿದರೆ ದುಂಡು, ಪಕ್ಕದಿಂದ ನೋಡಿದರೆ ಹಲಗೆ. 1930ರಲ್ಲಿ ಲಂಡನ್ನಿನಲ್ಲಿ ಶುರುವಾದದ್ದು ದುಂಡುಮೇಜಿನ ಪರಿಷತ್ತು. ಗುಂಡುಮೇಜಿನ ಪರಿಷತ್ತು ಅಂದು ನೋಡಿ, ಬೇರೆಯದೇ ಕೂಟ ಆಗಿಬಿಡುತ್ತದೆ. ಅಕ್ಷರ ದುಂಡಗಿರಬೇಕು ಅಂತ ಮೇಷ್ಟ್ರು ಹೇಳುತ್ತಿದ್ದರು, ಗುಂಡಗಿರಬೇಕು ಅಂದವರನ್ನು ನಾನು ಕೇಳಿಲ್ಲ. ದುಂಡು ಅನ್ನುವುದರಲ್ಲಿ ಒಂದು ಚೆಂದದ ಭಾವವೂ ಸೇರಿದೆ. ದುಂಡುಮಲ್ಲಿಗೆ ಅಂದ ಹಾಗೆ. ಹೀಗೇ ಇರಬೇಕು ಅನ್ನುವ ಕಟ್ಟುನಿಟ್ಟೇನೂ ಇಲ್ಲ, ತಟ್ಟೆ ‘ಗುಂಡ್ರಗಿದೆ’ ಅಂತ ಹಳೇ ಮೈಸೂರಿನಲ್ಲಿ ಧಾರಾಳವಾಗಿ ಅನ್ನುತ್ತಾರೆ.

ಹಳಗನ್ನಡದಲ್ಲಿ ‘ಬಟ್ಟ’ ಅಂತಲೂ ಇತ್ತು, ವೃತ್ತದ ತದ್ಭವ. ಈಗ ಬಿದ್ದುಹೋಗಿದೆ. ಕೈಯಲ್ಲಿ ಉರುಳಿಸಿ ಮಾಡಿದ್ದಕ್ಕೆ ಉಂಡೆ ಇದೆ. ಚಿಕ್ಕದಕ್ಕೆ ಗುಳಿಗೆ, ಆಟದ್ದಕ್ಕೆ ಗೋಲಿ. ನಿಮ್ಮ ಕಡೆ ಮಟ್ಟಿಗುಳ್ಳ ಬೇರೆ ಇದೆ. ವಾದಿರಾಜರು ಬೀಜ ಕೊಟ್ಟದ್ದು ಅನ್ನುವ ಐತಿಹ್ಯದ ಆ ಹಸಿರು ಬದನೆಕಾಯಿ, 2011ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದದ್ದು. ಅದೂ ಉರುಟೇ. ಇಂಗ್ಲಿಷಿನವರಿಗೂ ಎಲ್ಲದಕ್ಕೂ ರೌಂಡ್ ಅಂದರೇ ನಡೆಯುತ್ತದೆ ಬಿಡಿ. ಓಬ್ಲೇಟ್, ಗ್ಲಾಬ್ಯುಲರ್ ಎಲ್ಲ ಲ್ಯಾಬಿನ ಪದಗಳು, ಅಡುಗೆಮನೆಯಲ್ಲಿ ಯಾರೂ ಆಡುವುದಿಲ್ಲ. ತಾವರೆ ಎಲೆಯಂಥ ತೆಳ್ಳಗಿನ ದುಂಡಿಗೆ ಸಸ್ಯಶಾಸ್ತ್ರಜ್ಞರು ‘ಆರ್ಬಿಕ್ಯುಲರ್’ ಅನ್ನುತ್ತಾರೆ, ಇಂಗ್ಲಿಷ್ ಮನೆಮಾತಿನ ಮಕ್ಕಳಿಗೂ ಅದು ಗೊತ್ತಿರಲಿಕ್ಕಿಲ್ಲ.

ಪ್ರಶ್ನೆ: ಟೊಮೆಟೊ ಬೀಜದ ಪ್ಯಾಕೆಟ್ ಮೇಲೆ ಒಂದರಲ್ಲಿ ‘ಫ್ಲ್ಯಾಟ್ ರೌಂಡ್’, ಇನ್ನೊಂದರಲ್ಲಿ ‘ಓವಲ್’, ಮತ್ತೊಂದರಲ್ಲಿ ‘ಸ್ಕ್ವೇರ್ ರೌಂಡ್’ ಅಂತ ಇದೆ. ಚೌಕ ಗುಂಡು ಅಂದರೆ ಏನು ಸ್ವಾಮಿ? ಯಾವುದು ಹಾಕಲಿ? (ಕೋಲಾರ ಜಿಲ್ಲೆ)

ಉತ್ತರ: ಫ್ಲ್ಯಾಟ್ ರೌಂಡ್ ಅಂದರೆ ಇಷ್ಟು ಹೊತ್ತು ಹೇಳಿದ ಓಬ್ಲೇಟೇ, ವ್ಯಾಪಾರದ ವೇಷದಲ್ಲಿ. ನಮ್ಮ ನಾಟಿ ಟೊಮೆಟೊ ಹಾಗೇ ಇರುತ್ತದೆ, ತೊಟ್ಟಿನ ಹತ್ತಿರ ತಗ್ಗು, ಮೈಮೇಲೆ ಏಣು, ಅಡ್ಡ ಕೊಯ್ದರೆ ಒಳಗೆ ಜಾಸ್ತಿ ಕೋಣೆ, ತುಂಬ ರಸ. ಸಾರಿಗೆ ಅದರ ಹುಳಿಯೇ ಹುಳಿ. ಓವಲ್ ಅಂದರೆ ಪ್ರೋಲೇಟ್ ಜಾತಿ, ಗೋಡೆ ದಪ್ಪ, ರಸ ಕಮ್ಮಿ, ಕ್ರೇಟಿನಲ್ಲಿ ಒಂದರ ಮೇಲೊಂದು ಬಿದ್ದರೂ ಬೇಗ ಒಡೆಯುವುದಿಲ್ಲ. ಸ್ಕ್ವೇರ್ ರೌಂಡ್ ಅಂದರೆ ಗುಂಡಗೇ ಇದ್ದು ಬದಿಗಳು ಸ್ವಲ್ಪ ನೇರ, ಭುಜ ಸ್ವಲ್ಪ ಎದ್ದದ್ದು. ಕನ್ನಡದಲ್ಲಿ ಇದಕ್ಕೆ ಪದ ಹುಡುಕಲು ಹೋಗಬೇಡಿ, ಇಂಗ್ಲಿಷಿನಲ್ಲೂ ಅದು ಪದ ಅಲ್ಲ.

ಯಾವುದು ಹಾಕಬೇಕು ಅನ್ನುವುದು ಲಾರಿ ಎಷ್ಟು ದೂರ ಹೋಗುತ್ತದೆ ಅನ್ನುವುದರ ಮೇಲಿದೆ. ದೂರದ ಮಾರ್ಕೆಟ್ಟಿಗಾದರೆ ಗಟ್ಟಿಯದ್ದೇ ಸರಿ. ಬದುವಿನ ಪಕ್ಕ ಮನೆಗಂತ ನಾಲ್ಕು ಗಿಡ ನಾಟಿಯದ್ದೂ ಇರಲಿ. ನಮ್ಮ ಮನೆಯ ಆ 24 ಸೆಂಟಿಮೀಟರಿನ ಸಿಹಿಗುಂಬಳ ಹುಳಿಯಾದದ್ದು ಅಂಥ ಎರಡು ಟೊಮೆಟೊ ಸೇರಿಕೊಂಡ ಮೇಲೆ. ಅವನ್ನು ಅಳೆಯುವುದು ಮರೆತುಹೋಯಿತು.